ಜೀವಕೋಶಗಳ ಸಂದೇಶ ಮತ್ತು ಸ್ತನ ಕ್ಯಾನ್ಸರ್

ವರ್ಕಾಡಿಯ ಆಸುಪಾಸಿನ ಬಯಲಾಟಗಳನ್ನು ನಾವೆಲ್ಲ ನೋಡಿದ್ದೇವೆ. ಭಾಗವತರ ಜಾಗಟೆ ನುಡಿದರೆ ವೇಷವು ಕುಣಿಯುತ್ತದೆ, ಮುಕ್ತಾಯವಾದರೆ ನಿಲ್ಲುತ್ತದೆ. ನಮ್ಮ ಶರೀರದ ಜೀವಕೋಶಗಳೂ ಹೀಗೆಯೇ. ರಕ್ತದಲ್ಲಿ ಬರುವ ಅಥವಾ ನೆರೆಯ ಕೋಶಗಳು ಕಳುಹುವ ಅಣುಗಳು ‘ಬೆಳೆ’, ‘ನಿಲ್ಲು’ ಎಂಬ ಸಂದೇಶಗಳನ್ನು ತರುತ್ತವೆ. ಅವುಗಳನ್ನು ಹಿಡಿದುಕೊಳ್ಳುವ ಪ್ರೋಟೀನುಗಳಿಗೆ ಗ್ರಾಹಕಗಳೆಂದು ಹೆಸರು.

ಕ್ಯಾನ್ಸರಿನಲ್ಲಿ ಈ ತಾಳ ತಪ್ಪುತ್ತದೆ. ಅನೇಕ ಸ್ತನ ಕ್ಯಾನ್ಸರುಗಳು ಮುಖ್ಯವಾಗಿ ಅಂಡಾಶಯದಲ್ಲಿ ಉತ್ಪತ್ತಿಯಾಗುವ ಈಸ್ಟ್ರೋಜನ್ ಎಂಬ ಹಾರ್ಮೋನಿನ ಸಂದೇಶದಿಂದ ಬೆಳೆಯುತ್ತವೆ. ಅಂಡಾಶಯಗಳನ್ನು ತೆಗೆದರೆ ಗಡ್ಡೆಯು ಕುಗ್ಗಬಹುದೆಂದು ಸ್ಕಾಟ್ಲೆಂಡಿನ ವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲೇ ವರದಿ ಮಾಡಿದ್ದರು. ಇಂದು ಟಾಮಾಕ್ಸಿಫೆನ್ ಎಂಬ ಗುಳಿಗೆಯು ಆ ಗ್ರಾಹಕದಲ್ಲಿ ತಾನೇ ಕುಳಿತು ಸಂದೇಶವನ್ನು ತಡೆಯುತ್ತದೆ.

ಸುಮಾರು ಐದರಲ್ಲೊಂದು ಗಡ್ಡೆಯಲ್ಲಿ ಹರ್-2 ಎಂಬ ಇನ್ನೊಂದು ಗ್ರಾಹಕವು ವಿಪರೀತ ಹೆಚ್ಚಿ, ಬೆಳೆಯುವ ಆಜ್ಞೆ ನಿಲ್ಲುವುದೇ ಇಲ್ಲ. ಇದನ್ನು ತಡೆಯುವ ಟ್ರಾಸ್ಟುಜುಮಾಬ್ ಎಂಬ ಔಷಧವು 1998ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಅದಕ್ಕೆ ಸಮಾನವಾದ ಔಷಧವನ್ನು 2014ರಲ್ಲಿ ಕಡಿಮೆ ಬೆಲೆಗೆ ಹೊರತಂದಿತು.

ಆದುದರಿಂದ ಗಡ್ಡೆಯ ಚೂರನ್ನು ಪರೀಕ್ಷಿಸಿ, ಯಾವ ಗ್ರಾಹಕವಿದೆಯೆಂದು ತಿಳಿದು ವೈದ್ಯರು ಔಷಧವನ್ನು ಆರಿಸುತ್ತಾರೆ. ನೆರೆಮನೆಯವರಿಗೆ ಹಿಡಿಸಿದ ಮದ್ದು ನಮ್ಮವರಿಗೂ ಹಿಡಿಸಬೇಕೆಂದಿಲ್ಲ.

ಆರಂಭದ ಗಡ್ಡೆ ಅನೇಕ ವೇಳೆ ನೋಯುವುದಿಲ್ಲ. ನೋವಿಲ್ಲವೆಂದೋ ನಾಚಿಕೆಯೆಂದೋ ನಮ್ಮ ತಾಯಂದಿರು, ಅಕ್ಕಂದಿರು ಸುಮ್ಮನಿರಬಾರದು; ಕೂಡಲೇ ವೈದ್ಯರಿಗೆ ತೋರಿಸಬೇಕು. ಬೇಗ ಕಂಡುಹಿಡಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಮಕ್ಕಳೇ, ಈ ಪಾಠವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿರಿ.