ನಗೋದಕ್ಕೆ ಯಾರ ಅಪ್ಪಣೆ ಬೇಕು?

ಸಾಂಗಲಿ, ಮಿರಜ ಕಡೆಯ ಗೆಳೆಯರೇ, ವಿಮರ್ಶಕರು ಮೂಗು ಮುರಿದರೆಂದು ತಮಾಷೆಯ ಪ್ರೇಮಕಥೆಗಳನ್ನು ಕೈಬಿಡಬೇಡಿ. ವಿಷ್ಣುದಾಸ ಭಾವೆ 1843ರಲ್ಲಿ ನಿಮ್ಮ ಸಾಂಗಲಿಯಲ್ಲೇ ರಂಗಕ್ಕೆ ತಂದ ಮೊದಲ ನಾಟಕ ಸೀತೆಯ ಸ್ವಯಂವರದ್ದು. ಪ್ರೇರಣೆ ಕನ್ನಡ ಭಾಗವತರ ಆಟ. ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಸೌಭದ್ರ’ದಲ್ಲಿ ಅರ್ಜುನ ಸುಭದ್ರೆಗಾಗಿ ಕಳ್ಳಸನ್ಯಾಸಿಯಾಗುತ್ತಾನೆ, ಕೃಷ್ಣ ಏನೂ ಅರಿಯದವನಂತೆ ಎಲ್ಲರನ್ನೂ ಆಟ ಆಡಿಸುತ್ತಾನೆ. 1882ರ ಆ ಹಗುರ ನಾಟಕ ಇವತ್ತಿಗೂ ರಂಗ ಬಿಟ್ಟಿಲ್ಲ. 1988ರ ಮರಾಠಿ ಸಿನಿಮಾ ‘ಅಶೀ ಹೀ ಬನವಾಬನವೀ’ಯಲ್ಲಿ ಬಾಡಿಗೆ ಮನೆಗಾಗಿ ಸೀರೆಯುಟ್ಟ ಲಕ್ಷ್ಮೀಕಾಂತ ಬೇರ್ಡೆಯನ್ನು ನೋಡಿ ನಗದವರುಂಟೇ? ಇಂಥ ಸಿನಿಮಾಗಳಲ್ಲಿ ಕಥೆ ತೆಳು, ಹಾಡು ಜಾಸ್ತಿ ಎನ್ನುವುದು ನಿಜವೇ ಇರಬಹುದು, ಇರಲಿ ಬಿಡಿ. ವಿಮರ್ಶೆಯನ್ನೂ ಓದಿ, ಆದರೆ ಸಿನಿಮಾ ನೋಡಿ ಬಂದ ಮೇಲೆ.