ಕಾಳುಮೆಣಸಿನ ಕರಾವಳಿಗೆ ಮಕ್ಕಳೊಡನೆ

ಕಾರವಾರದಿಂದ ಭಟ್ಕಳಕ್ಕೆ ಹೆದ್ದಾರಿ 66ರಲ್ಲಿ ಹೆಚ್ಚುಕಡಿಮೆ 120 ಕಿಲೋಮೀಟರ್. ಮೂರು ಗಂಟೆಯ ದಾರಿ ತಾನೇ, ಎರಡು ದಿನದಲ್ಲಿ ಎಲ್ಲ ಮುಗಿಸೋಣ ಎಂದು ಹೊರಡುವವರೇ ಹೆಚ್ಚು. ಮೊದಲ ಸಲ ನಾವೂ ಹಾಗೇ ಹೊರಟಿದ್ದೆವು. ಎರಡು ದಿನಕ್ಕೆ ಏಳು ಜಾಗ ನೋಡಿದೆವು. ಊರಿಗೆ ಬಂದ ಮೇಲೆ ಅಜ್ಜಿ "ಏನೇನು ನೋಡಿದ್ರಿ ಪುಟ್ಟಾ?" ಎಂದು ಕೇಳಿದರೆ ಮಗಳು "ದೊಡ್ಡ ಶಿವ" ಎಂದಷ್ಟೇ ಹೇಳಿದಳು. ಉಳಿದ ಆರು ಜಾಗ ಅವಳ ನೆನಪಿನಲ್ಲೇ ಇರಲಿಲ್ಲ. ಆಮೇಲೆ ನಾಲ್ಕು ಸಲ ಹೋಗಿದ್ದೇವೆ, ಪ್ರತಿ ಸಲವೂ ಪಟ್ಟಿ ಚಿಕ್ಕದಾಗಿದೆ. ಉತ್ತರ ಕನ್ನಡದ ಕರಾವಳಿಗೆ ಮಕ್ಕಳನ್ನು ಕರೆದೊಯ್ಯುವವರಿಗೆ ನಾನು ಹೇಳುವುದು ಇಷ್ಟೇ: ಒಂದೇ ಊರಿನಲ್ಲಿ ನಾಲ್ಕು ರಾತ್ರಿ ತಂಗಿ, ದಿನಕ್ಕೆ ಒಂದು ಜಾಗ ಸಾಕು, ಮಗುವಿನ ಕೈಗೆ ಸಿಗುವಂಥದ್ದನ್ನು ಮೊದಲು ನೋಡಿ.

ತಂಗಲು ನಾನು ಆರಿಸುವ ಊರು ಹೊನ್ನಾವರ. ಕುಮಟಾ ಅಲ್ಲಿಂದ ಸುಮಾರು 20 ಕಿಲೋಮೀಟರ್ ಉತ್ತರಕ್ಕೆ, ಮುರುಡೇಶ್ವರ 27 ಕಿಲೋಮೀಟರ್ ದಕ್ಷಿಣಕ್ಕೆ. ಶರಾವತಿ ಹೊಳೆ ಕಡಲು ಸೇರುವುದು ಹೊನ್ನಾವರದಲ್ಲೇ. ಗೋಕರ್ಣದಲ್ಲಿ ಕೋಣೆಗಳು ಹೆಚ್ಚು ಸಿಗುತ್ತವೆ, ನಿಜ. ಆದರೆ ರಜೆಯ ದಿನಗಳಲ್ಲಿ ಅಲ್ಲಿನ ಇಕ್ಕಟ್ಟಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಮಕ್ಕಳು ಅಳತೊಡಗುತ್ತಾರೆ. ಗೋಕರ್ಣವನ್ನು ಒಂದು ದಿನದ ಮಟ್ಟಿಗೆ ಹೋಗಿಬರುವ ಊರಾಗಿ ಇಟ್ಟುಕೊಳ್ಳಿ.

ಬೆಂಗಳೂರಿನವರಿಗೆ ರೈಲೇ ವಾಸಿ. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಗಿನ ಹೊತ್ತಿಗೆ ಈ ಕರಾವಳಿಯಲ್ಲಿರುತ್ತದೆ. ಮಕ್ಕಳು ರಾತ್ರಿಯಿಡೀ ಮಲಗಿ ಎದ್ದಾಗ ಕಿಟಕಿಯಾಚೆ ತೆಂಗು, ಗದ್ದೆ, ಹೊಳೆ ಕಾಣುತ್ತವೆ. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ದಸರಾ ರಜೆಗಾದರೆ ಆ ದಿನವೇ ಕೂತು ಬುಕ್ ಮಾಡಬೇಕು. ಹುಬ್ಬಳ್ಳಿ ಕಡೆಯಿಂದ ಕಾರಿನಲ್ಲಿ ಬರುವವರು ಅರಬೈಲ್ ಘಟ್ಟವನ್ನೋ, ಶಿರಸಿ ಮೇಲಿಂದಾದರೆ ದೇವಿಮನೆ ಘಟ್ಟವನ್ನೋ ಇಳಿಯಬೇಕು. ಘಟ್ಟದ ತಿರುವಿನಲ್ಲಿ ವಾಂತಿಯಾಗುವ ಮಕ್ಕಳಿಗೆ ಹೊರಡುವ ಮುನ್ನ ಹೊಟ್ಟೆ ತುಂಬ ತಿನ್ನಿಸಬೇಡಿ. ಮೊಬೈಲು ಕೊಡಬೇಡಿ, ಮುಂದಿನ ರಸ್ತೆ ಕಾಣುವಂತೆ ಕೂರಿಸಿ.

ಯಾವಾಗ ಹೋಗಬೇಕು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿಕ್ಕ ಮಕ್ಕಳೊಡನೆ ಬೇಡ. ಕಡಲಿಗೆ ಇಳಿಯುವಂತಿಲ್ಲ, ದೋಣಿಗಳೂ ಇರುವುದಿಲ್ಲ, ಗುಡ್ಡ ಕುಸಿಯುವ ಭಯ ಬೇರೆ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿದ್ದು ಜೀವಹಾನಿಯಾಯಿತು. ನನ್ನ ಪ್ರಕಾರ ದಸರಾ ರಜೆಯ ಕೊನೆಯ ಭಾಗ ಒಳ್ಳೆಯದು. ಮಳೆ ಬಿಟ್ಟಿರುತ್ತದೆ, ಹಸಿರು ಇನ್ನೂ ಆರಿರುವುದಿಲ್ಲ. ಜನವರಿ ಅದಕ್ಕಿಂತ ಒಂದು ತೂಕ ಮೇಲು, ಆದರೆ ಶಾಲೆ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲೇ ಹೋಗಬೇಕಾದವರು ಬೆಳಿಗ್ಗೆ ಹತ್ತರೊಳಗೆ ಒಂದು ಸಲ, ಸಂಜೆ ನಾಲ್ಕೂವರೆಯ ಮೇಲೆ ಇನ್ನೊಂದು ಸಲ ಮಾತ್ರ ಹೊರಬೀಳಿ. ಸೆಕೆ ಹೆಚ್ಚು, ಬೆವರು ಆರುವುದಿಲ್ಲ. ಬೇಸಿಗೆಗೂ ಅದರದೇ ಆದ ಫಲವಿದೆ: ಗೇರುಹಣ್ಣು, ಹಲಸು, ಅಂಕೋಲಾದ ಕರಿಇಶಾಡ ಮಾವು, ಮುರುಗಲು ಹಣ್ಣಿನ ಪಾನಕ.

ಬಂದ ದಿನ ಎಲ್ಲಿಗೂ ಹೋಗಬೇಡಿ. ಮಧ್ಯಾಹ್ನ ಮಲಗಲಿ. ಸಂಜೆ ಕಾಸರಕೋಡಿನ ಕಡಲತೀರಕ್ಕೆ ಹೋಗಿ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರವಿದು. ಮಕ್ಕಳಿರುವವರಿಗೆ ಮುಖ್ಯವಾದ ಶೌಚಾಲಯ, ಬಟ್ಟೆ ಬದಲಿಸುವ ಜಾಗ, ನೆರಳು ಇಲ್ಲಿವೆ. ಹೋಗುವಾಗ ಒಂದು ಬಾಟಲಿ ಒಯ್ದು ಕಡಲ ನೀರು ತುಂಬಿಸಿಕೊಂಡು ಬನ್ನಿ. ಅದು ಯಾತಕ್ಕೆಂದು ಮುಂದೆ ಹೇಳುತ್ತೇನೆ.

ಕಡಲಿನ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಮಳೆಗಾಲವಲ್ಲ, ಬಿರುಗಾಳಿಯಿಲ್ಲ. ದಡಕ್ಕೆ ನುಗ್ಗಿದ ನೀರು ಹಿಂದಕ್ಕೆ ಹೋಗುವಾಗ ಕೆಲವು ಕಡೆ ಕಾಲುವೆಯಂತೆ ಒಟ್ಟಾಗಿ ಎಳೆದುಕೊಂಡು ಹೋಗುತ್ತದೆ. ಅಂಥಲ್ಲಿ ಅಲೆ ಒಡೆಯುವುದು ಕಡಿಮೆ. ಹಾಗಾಗಿ ಬಯಲುಸೀಮೆಯಿಂದ ಬಂದ ನಮ್ಮ ಕಣ್ಣಿಗೆ ಅದೇ ಶಾಂತವಾದ, ಮಕ್ಕಳನ್ನು ಬಿಡಬಹುದಾದ ಜಾಗ ಎನಿಸುತ್ತದೆ. ಎರಡು ಬದಿಗೂ ನೊರೆಯಿದ್ದು ನಡುವೆ ಮಾತ್ರ ಕಪ್ಪಗೆ, ಸಪಾಟಾಗಿ ಕಂಡರೆ ಅಲ್ಲಿಗೆ ಹೋಗಲೇಬೇಡಿ. ಜೀವರಕ್ಷಕರು ಇರುವಲ್ಲೇ ಇಳಿಯಿರಿ, ಅವರು ಸೀಟಿ ಊದಿದರೆ ವಾದ ಮಾಡದೆ ಮೇಲೆ ಬನ್ನಿ. ಮಗುವಿಗೆ ಮೊಣಕಾಲಿನವರೆಗೆ ನೀರು ಸಾಕು. ಒಬ್ಬ ದೊಡ್ಡವರು ನೀರಿನಲ್ಲಿ ಮಗುವಿಗಿಂತ ಮುಂದೆ, ಕಡಲ ಕಡೆ ನಿಂತಿರಬೇಕು. ದಡದಲ್ಲಿ ಕೂತು ಫೋನು ನೋಡುತ್ತ ಮಕ್ಕಳನ್ನು ಕಾಯಲು ಆಗುವುದಿಲ್ಲ.

ಎರಡನೆಯ ದಿನ ಶರಾವತಿಯ ಹಿನ್ನೀರಿನ ಕಾಂಡ್ಲಾ ವನ. ಮ್ಯಾಂಗ್ರೋವ್ ಎಂದು ಪುಸ್ತಕದಲ್ಲಿ ಓದುವ ಮರಕ್ಕೆ ಇಲ್ಲಿಯವರು ಕಾಂಡ್ಲಾ ಎನ್ನುತ್ತಾರೆ. ಅದರ ನಡುವೆ ಮರದ ಕಾಲುಹಾದಿ ಕಟ್ಟಿದ್ದಾರೆ. ಇಳಿತದ ಹೊತ್ತಿಗೆ ಹೋಗಬೇಕು, ಭರತವಿದ್ದಾಗ ನೀರಷ್ಟೇ ಕಾಣುತ್ತದೆ. ದಿನಕ್ಕೆ ಎರಡು ಸಲ ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡ. ಉಳಿದುಕೊಂಡ ಮನೆಯವರನ್ನು ಹಿಂದಿನ ದಿನವೇ ಕೇಳಿದರೆ ಹೊತ್ತು ಹೇಳುತ್ತಾರೆ. ನಾವು ಹೋದಾಗ ಮಗ ಹಲಗೆಯ ಮೇಲೆ ಬೋರಲು ಮಲಗಿ ಕೆಸರನ್ನೇ ನೋಡುತ್ತಿದ್ದ. ಪೆನ್ಸಿಲುಗಳನ್ನು ನೆಟ್ಟಂತೆ ಉಸಿರಾಟದ ಬೇರುಗಳು ಮೇಲೆದ್ದಿದ್ದವು. ಅವುಗಳ ನಡುವೆ ಬೆರಳಿನ ಉಗುರಿನಷ್ಟು ದೊಡ್ಡ ಏಡಿ, ಒಂದು ಕೊಂಬು ಮಾತ್ರ ಮೈಯಷ್ಟೇ ಗಾತ್ರ. ಅದನ್ನು ಮೇಲಕ್ಕೆ ಕೆಳಕ್ಕೆ ಆಡಿಸುತ್ತಿತ್ತು. "ಅಮ್ಮಾ, ಅದು ನಂಗೆ ಟಾಟಾ ಮಾಡ್ತಿದೆ" ಎಂದ. ದೋಣಿಯವರು ನಿಂತು "ಹೆಣ್ಣೇಡಿಗೆ ಕರೀತದೆ ತಮಾ, ನಿಂಗಲ್ಲ" ಎಂದು ಹೇಳಿಕೊಟ್ಟರು. ಅಲ್ಲೇ ಮುಕ್ಕಾಲು ಗಂಟೆ ಕಳೆಯಿತು. ಆ ದಿನಕ್ಕೆ ಇಟ್ಟುಕೊಂಡಿದ್ದ ಅಪ್ಸರಕೊಂಡ ಜಲಪಾತವನ್ನು ಕೈಬಿಟ್ಟೆವು, ಬೇಸರವೇನೂ ಆಗಲಿಲ್ಲ. ಹಿನ್ನೀರಿನಲ್ಲಿ ಸುತ್ತಲು ದೋಣಿ ಹತ್ತುವವರು ಮೊದಲು ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ನೋಡಿ. ದೊಡ್ಡವರದನ್ನು ಹಾಕಿದರೆ ನೀರಿನಲ್ಲಿ ತಲೆಯ ಮೇಲಿಂದ ಜಾರಿಬಿಡುತ್ತದೆ. ಇಲ್ಲವೆಂದರೆ ಬೇರೆ ದೋಣಿ ಹುಡುಕಿ.

ಹೊನ್ನಾವರದ ಪೇಟೆಯಲ್ಲಿ ನಡೆಯುವಾಗ ಶಾಲೆಗೆ ಹೋಗುವ ಮಕ್ಕಳಿಗೆ ಒಂದು ಸಂಗತಿ ಹೇಳಿ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಮೊರೊಕ್ಕೊದ ಯಾತ್ರಿಕ ಇಬ್ನ್ ಬತೂತ ಈ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಆ ಕಾಲದಲ್ಲಿ ಹುಡುಗಿಯರಿಗೇ ಹದಿಮೂರು ಶಾಲೆ! ನನ್ನ ಮಗಳು ಈಗಲೂ ಈ ಲೆಕ್ಕವನ್ನು ಗೆಳತಿಯರಿಗೆ ಹೇಳುತ್ತಿರುತ್ತಾಳೆ.

ಮೂರನೆಯ ದಿನ ಮಿರ್ಜಾನ ಕೋಟೆ. ಕುಮಟಾ ದಾಟಿ ಹೆದ್ದಾರಿಯಿಂದ ಅರ್ಧ ಕಿಲೋಮೀಟರ್ ಒಳಗೆ, ಅಘನಾಶಿನಿ ಹೊಳೆಯ ಬದಿಗಿದೆ. ಕೋಟೆಗೆ ಹೋಗುವ ಮುನ್ನ ಅಂಗಡಿಯಲ್ಲಿ ಹತ್ತು ರೂಪಾಯಿಯ ಕಾಳುಮೆಣಸು ಕೊಂಡು ಮಕ್ಕಳ ಜೇಬಿಗೆ ಹಾಕಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ, ಈ ಸೀಮೆಯನ್ನು ಆಳಿದಳು. ಪೋರ್ಚುಗೀಸರು ಅವಳನ್ನು ಕರೆಯುತ್ತಿದ್ದುದು 'ರೈನಾ ದ ಪಿಮೆಂಟಾ', ಅಂದರೆ ಮೆಣಸಿನ ರಾಣಿ. ಘಟ್ಟದ ಮೇಲೆ ಬೆಳೆದ ಮೆಣಸು ಹೊಳೆಯ ದಾರಿ ಹಿಡಿದು ಈ ಬಂದರುಗಳಿಗೆ ಇಳಿಯುತ್ತಿತ್ತು. "ಈ ಕಾಳಿಗಾಗಿ ಅಷ್ಟು ದೂರದಿಂದ ಹಡಗು ಬರ್ತಿತ್ತಾ?" ಎಂದು ಮಗು ಜೇಬಿನಿಂದ ತೆಗೆದು ನೋಡುತ್ತದೆ. ಆಗ ಚಂಬುಗಲ್ಲಿನ ಆ ಗೋಡೆ, ಬುರುಜು, ಸುತ್ತಲಿನ ಕಂದಕ ಯಾಕೆ ಬೇಕಾಯಿತೆಂದು ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ.

ಕೋಟೆಯಲ್ಲಿ ನೆರಳು ಕಡಿಮೆ. ಬೆಳಿಗ್ಗೆ ಬೇಗ ಹೋಗಿ, ನೀರನ್ನು ನೀವೇ ಒಯ್ಯಿರಿ. ಒಳಗೆ ಆಳವಾದ ಬಾವಿಗಳಿವೆ, ಗೋಡೆಯ ಮೇಲಿನ ದಾರಿಗೆ ಎಲ್ಲ ಕಡೆ ತಡೆಯಿಲ್ಲ. ಆರು ವರ್ಷದೊಳಗಿನ ಮಕ್ಕಳ ಕೈ ಬಿಡಬೇಡಿ. ಮಳೆ ಬಿಟ್ಟ ಹೊಸತರಲ್ಲಿ ಪಾಚಿ ಕಟ್ಟಿ ಗೋಡೆಯೆಲ್ಲ ಹಸಿರಾಗಿರುತ್ತದೆ, ನೋಡಲು ಅದಕ್ಕಿಂತ ಚಂದವಿಲ್ಲ. ಆದರೆ ಜಾರುತ್ತದೆ, ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿಸಿ. ರಾಣಿಯ ರಾಜಧಾನಿ ಗೇರುಸೊಪ್ಪೆಯನ್ನೂ ನೋಡುವ ಆಸೆ ಹುಟ್ಟಿದರೆ ಹೊನ್ನಾವರದಿಂದ ಜೋಗದ ದಾರಿಯಲ್ಲಿ ಸುಮಾರು 30 ಕಿಲೋಮೀಟರ್. ಶರಾವತಿಯ ಆಚೆ ದಡದ ಕಾಡಿನಲ್ಲಿ ಚತುರ್ಮುಖ ಬಸದಿ ಒಂಟಿಯಾಗಿ ನಿಂತಿದೆ. ಹತ್ತು ದಾಟಿದ ಮಕ್ಕಳಿಗೆ ಅದು ಹಿಡಿಸುತ್ತದೆ.

ಇಡೀ ಕರಾವಳಿಯನ್ನು ಒಂದೇ ದಾರದಲ್ಲಿ ಪೋಣಿಸುವ ಕಥೆಯೊಂದು ನಿಮ್ಮ ಕೈಯಲ್ಲಿ ಸಿದ್ಧವಾಗಿದೆ. ರಾವಣ ಶಿವನಿಂದ ಆತ್ಮಲಿಂಗ ಪಡೆದು ಲಂಕೆಗೆ ಹೊರಟ. ಸಂಜೆಯಾಯಿತೆಂದು ಸಂಧ್ಯಾವಂದನೆಗೆ ನಿಂತಾಗ ಲಿಂಗವನ್ನು ಒಬ್ಬ ಹುಡುಗನ ಕೈಗೆ ಕೊಟ್ಟ. ಆ ಹುಡುಗ ಗಣಪತಿ. ಮೂರು ಸಲ ಕೂಗಿ, ನೆಲಕ್ಕೆ ಇಟ್ಟೇಬಿಟ್ಟ. ಕಿತ್ತರೂ ಬಾರದ ಲಿಂಗ ಗೋಕರ್ಣದಲ್ಲಿ ಉಳಿಯಿತು. ಸಿಟ್ಟಿಗೆದ್ದ ರಾವಣ ಬಿಸಾಡಿದ ಸಂಪುಟ ಕಾರವಾರದ ಬಳಿಯ ಸಜ್ಜೇಶ್ವರದಲ್ಲಿ, ಮುಚ್ಚಳ ಗುಣವಂತೆಯಲ್ಲಿ, ದಾರ ಧಾರೇಶ್ವರದಲ್ಲಿ, ಬಟ್ಟೆ ಮುರುಡೇಶ್ವರದಲ್ಲಿ ಬಿದ್ದವೆಂದು ನಂಬಿಕೆ. ಈ ಕಥೆಯನ್ನು ಮೊದಲ ರಾತ್ರಿಯೇ ಹೇಳಿಬಿಡಿ. ಮರುದಿನದಿಂದ ಹೆದ್ದಾರಿಯ ಫಲಕ ಕಂಡ ಕೂಡಲೇ ಮಕ್ಕಳೇ "ದಾರ ಬಿದ್ದ ಊರು!" ಎಂದು ಕೂಗುತ್ತಾರೆ. ಐದನ್ನೂ ನೋಡಲು ಹೋಗಬೇಡಿ. ಗೋಕರ್ಣ ಮತ್ತು ಮುರುಡೇಶ್ವರ ಸಾಕು.

ಗೋಕರ್ಣಕ್ಕೆ ಬೆಳಿಗ್ಗೆ ಹೋಗಬೇಕು, ಮಧ್ಯಾಹ್ನ ದೇವಸ್ಥಾನ ಮುಚ್ಚಿರುತ್ತದೆ. ಗಂಡಸರು ಅಂಗಿ ತೆಗೆದು ಒಳಹೋಗಬೇಕು, ಒಂದು ಪಂಚೆ ಒಯ್ದಿರಿ. ಮಹಾಗಣಪತಿಯ ಗುಡಿಯನ್ನು ಮಕ್ಕಳು ಮರೆಯುವುದಿಲ್ಲ. ರಾವಣ ಗುದ್ದಿದ ಗುರುತೆಂದು ವಿಗ್ರಹದ ತಲೆಯ ಮೇಲಿನ ತಗ್ಗನ್ನು ತೋರಿಸುತ್ತಾರೆ. ಮುರುಡೇಶ್ವರದಲ್ಲಿ 123 ಅಡಿಯ ಶಿವ, 20 ಅಂತಸ್ತಿನ ಗೋಪುರ, ಮೇಲೆ ಹೋಗಲು ಲಿಫ್ಟ್. ಸರತಿ ಉದ್ದವಾಗುವ ಮೊದಲೇ ಹೋಗಿ. ಇನ್ನು ಕಾಡಿನ ನಡುವೆ ಬೃಹತ್ ಬಂಡೆಗಳಿರುವ ಯಾಣ. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎಂಬ ಗಾದೆ ಹುಟ್ಟಿದ ಕಾಲ ಹೋಯಿತು, ಈಗ ಹತ್ತಿರದವರೆಗೂ ರಸ್ತೆಯಿದೆ. ಆದರೂ ಮೆಟ್ಟಿಲುಗಳಿವೆ, ಮಳೆಗಾಲದಲ್ಲಿ ಇಂಬಳಗಳಿವೆ. ಎತ್ತಿಕೊಳ್ಳಬೇಕಾದ ಮಗುವಿದ್ದರೆ ಮುಂದಿನ ಸಲಕ್ಕೆ ಇರಲಿ.

ರೈಲಿನಲ್ಲಿ ಕಾರವಾರದವರೆಗೂ ಹೋಗುವವರಿಗೆ ತೀರದಲ್ಲೇ ನಿಲ್ಲಿಸಿರುವ ಚಪಲ್ ಯುದ್ಧನೌಕೆ ಇದೆ. ಒಳಗೆ ಹತ್ತಿ ನೋಡಬಹುದು. 22ರ ಹರೆಯದ ರವೀಂದ್ರನಾಥ ಟ್ಯಾಗೋರರು ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ತಂಗಿದ್ದ ಊರಿದು.

ಯಕ್ಷಗಾನವನ್ನು ಮಾತ್ರ ತಪ್ಪಿಸಬೇಡಿ. ಗುಣವಂತೆ ಕೆರೆಮನೆ ಮೇಳದ ಊರು. ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಇಂದಿಗೂ ಆಡುತ್ತಿದೆ. ಮಳೆಗಾಲ ಕಳೆದ ಮೇಲೆ ಸುತ್ತಲಿನ ಊರುಗಳಲ್ಲಿ ಯಾವುದಾದರೂ ಆಟ ಇದ್ದೇ ಇರುತ್ತದೆ. ಪೂರ್ತಿ ನೋಡಬೇಕೆಂದಿಲ್ಲ. ಒಂದು ಗಂಟೆ ಮೊದಲೇ ಹೋಗಿ, ಕಲಾವಿದರ ಒಪ್ಪಿಗೆ ಕೇಳಿ, ವೇಷ ಕಟ್ಟಿಕೊಳ್ಳುವ ಚೌಕಿಯ ಬಾಗಿಲಿನಲ್ಲಿ ಮಕ್ಕಳನ್ನು ಸದ್ದಿಲ್ಲದೆ ಕೂರಿಸಿ. ಹಗಲು ಕಂಡರೆ ಸಾದಾ ಮನುಷ್ಯ. ಮುಖಕ್ಕೆ ಹಳದಿ ಅರದಾಳ ಬಳಿದುಕೊಂಡು, ಕೆಂಪು ಇಂಗಳೀಕದಲ್ಲಿ ಗೆರೆ ಎಳೆದು, ಕೇದಿಗೆ ಮುಂದಲೆ ಕಟ್ಟಿಕೊಂಡು ಎದ್ದು ನಿಂತಾಗ ಬೇರೆಯೇ ಆಗಿರುತ್ತಾನೆ. ಒಂದು ಚಾದರ ಒಯ್ಯಿರಿ. ಚೆಂಡೆಯ ಸದ್ದಿನಲ್ಲೂ ಮಕ್ಕಳಿಗೆ ಅಲ್ಲೇ ನಿದ್ದೆ ಬರುತ್ತದೆ.

ಊಟಕ್ಕೆ ಪರದಾಡಬೇಕಿಲ್ಲ. ಬೆಳಿಗ್ಗೆ ತೆಳ್ಳೇವು ಮತ್ತು ಬೆಲ್ಲ, ಇಲ್ಲವೇ ಹಲಸಿನೆಲೆಯ ಕೊಟ್ಟೆ ಕಡುಬು. ಖಾರ ತಿನ್ನದ ಮಕ್ಕಳಿಗೆ ಅನ್ನ ತಂಬುಳಿ. ಮೀನು ತಿನ್ನುವ ಮನೆಯಾದರೆ ಚಿಕ್ಕವರಿಗೆ ಮುಳ್ಳಿನ ಬಂಗುಡೆ ಬೇಡ, ಇಸವಾಣವೋ ಶೆಟ್ಲಿಯೋ ಕೊಡಿ. ಒಆರ್‌ಎಸ್ ಪುಡಿ, ಜ್ವರದ ಔಷಧಿ, ಸೊಳ್ಳೆಗೆ ಹಚ್ಚುವುದನ್ನು ಮನೆಯಿಂದಲೇ ಒಯ್ಯಿರಿ. ಹೊನ್ನಾವರ, ಕುಮಟಾಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ದೊಡ್ಡ ಚಿಕಿತ್ಸೆಗೆ ಮಣಿಪಾಲಕ್ಕೆ ಎರಡು ಎರಡೂವರೆ ಗಂಟೆಯ ದಾರಿ. ಉಬ್ಬಸ, ಮೂರ್ಛೆ ಇರುವ ಮಕ್ಕಳ ಔಷಧಿಯನ್ನು ಎರಡು ಚೀಲದಲ್ಲಿ ಹಂಚಿ ಇಟ್ಟುಕೊಳ್ಳಿ.

ಈಗ ಆ ಬಾಟಲಿ ನೀರಿನ ವಿಷಯ. ಮೊದಲ ಸಂಜೆ ತಂದದ್ದನ್ನು ಬಟ್ಟೆಯಲ್ಲಿ ಸೋಸಿ, ಒಂದು ಲೋಟದಷ್ಟನ್ನು ಅಗಲವಾದ ಸ್ಟೀಲ್ ತಟ್ಟೆಗೆ ಹಾಕಿ ತಾರಸಿಯ ಬಿಸಿಲಿಗೆ ಇಡಿ. ರಾತ್ರಿ ಒಳಗೆ ತನ್ನಿ. ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಾಲ್ಕನೆಯ ದಿನ ಗೋಕರ್ಣದಿಂದ ಬರುವಾಗ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ತಿರುಗಿ. ಬೇಸಿಗೆಯಾದರೆ ಮಡಿಗಳಲ್ಲಿ ಕೆಲಸ ನಡೆದಿರುತ್ತದೆ, ಬೆಳ್ಳಗೆ ರಾಶಿ ಬಿದ್ದಿರುತ್ತದೆ. 1930ರ ಏಪ್ರಿಲ್‌ನಲ್ಲಿ ಪಕ್ಕದ ಅಂಕೋಲಾದ ಜನ ಇದೇ ಉಪ್ಪು ತೆಗೆದು ಬ್ರಿಟಿಷರ ಕಾಯಿದೆ ಮುರಿದರು. ಅದನ್ನು ಹೇಳಲು ಇದಕ್ಕಿಂತ ಒಳ್ಳೆಯ ತರಗತಿ ಸಿಗಲಾರದು. ದಾರಿಯಲ್ಲೇ ತದಡಿ, ಹೊತ್ತಿದ್ದರೆ ಅಲ್ಲಿಂದ ಅಘನಾಶಿನಿ ಊರಿಗೆ ಹೊಳೆ ದಾಟಿಸುವ ಬಾರ್ಜ್ ಹತ್ತಿ ಹೋಗಿಬನ್ನಿ.

ಹೊರಡುವ ದಿನ ಬೆಳಿಗ್ಗೆ ತಟ್ಟೆಯ ತಳದಲ್ಲಿ ಹರಳು ಕಟ್ಟಿರುತ್ತದೆ. ನಮ್ಮ ಮಗಳು ನಾಲಿಗೆಯ ತುದಿಗೆ ಒಂದು ಹರಳು ಇಟ್ಟುಕೊಂಡು "ಕಹಿ!" ಎಂದು ಮುಖ ಕಿವುಚಿದಳು. ಕಹಿಯೇ ಇರುತ್ತದೆ. ಆಗರದವರು ಉಪ್ಪು ಕೂತ ಮೇಲೆ ಉಳಿದ ಕಹಿನೀರನ್ನು ಹೊರಗೆ ಬಿಡುತ್ತಾರೆ, ನಾವು ಪೂರ್ತಿ ಆರಿಸಿದ್ದೆವು. ಅವಳು ಅದನ್ನು ಕೆರೆದು ಕಾಗದದಲ್ಲಿ ಕಟ್ಟಿ, ಮಿರ್ಜಾನದ ಮೆಣಸಿನ ಕಾಳುಗಳ ಜೊತೆ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಸಂಜೆಯ ರೈಲಿನಲ್ಲಿ ಎದುರು ಸೀಟಿನ ಅಜ್ಜಿಗೆ ಅದನ್ನು ತೆರೆದು ತೋರಿಸುತ್ತ, ಭಟ್ಕಳ ದಾಟಿದರೂ ಮಾತು ಮುಗಿಸಿರಲಿಲ್ಲ.