ಅರೆನೆರಳಿನ ಎಲೆಗಿಡಗಳು: ಮಾಡಬೇಕಾದ್ದು, ಮಾಡಬಾರದ್ದು

ಬೆಂಗಳೂರಿನ ಹಳೆಯ ಬಡಾವಣೆಗಳ ಮನೆಗಳಲ್ಲಿ ಮಾವಿನ ಮರದಡಿಯಲ್ಲೋ ಕಾಂಪೌಂಡಿನ ಪಕ್ಕದಲ್ಲೋ ಒಂದು ಪಟ್ಟಿ ನೆಲ ಇರುತ್ತದೆ. ಬೆಳಗ್ಗೆ ಎರಡು ಮೂರು ಗಂಟೆ ಬಿಸಿಲು, ಆಮೇಲೆ ನೆರಳು. ಅಲ್ಲಿ ಗುಲಾಬಿ ಹಾಕಬೇಡಿ, ಸೊರಗುತ್ತದೆ. ವರ್ಷವಿಡೀ ಹಸಿರಾಗಿರುವ ಸ್ನೇಕ್ ಪ್ಲಾಂಟ್, ಸ್ಪೈಡರ್ ಪ್ಲಾಂಟ್, ಜರೀಗಿಡ, ಫಿಲೊಡೆಂಡ್ರಾನ್, ಸಿಕ್ಕಿದರೆ ಆಸ್ಪಿಡಿಸ್ಟ್ರಾ ಹಾಕಿ. ಇವೆಲ್ಲ ಗಟ್ಟಿ ಜೀವಗಳು. ಒಣಗಿ ಸಾಯುವುದಕ್ಕಿಂತ ಮನೆಯವರ ಅತಿಯಾದ ಅಕ್ಕರೆಯಿಂದ ಸಾಯುವುದೇ ಹೆಚ್ಚು. ಹಾಗಾಗಿ ಇಲ್ಲಿ ‘ಬೇಡ’ಗಳೇ ಜಾಸ್ತಿ.

ನರ್ಸರಿಗೆ ಹೋಗುವ ಮೊದಲು ಜಾಗಕ್ಕೆ ಬಿಸಿಲು ಯಾವ ಹೊತ್ತಿಗೆ ಬರುತ್ತದೆ ಎಂದು ನೋಡಿಕೊಳ್ಳಿ. ಪೂರ್ವದ ಎಳೆಬಿಸಿಲು ಒಳ್ಳೆಯದು. ಪಶ್ಚಿಮದ ಇಳಿಬಿಸಿಲು ಬಡಿಯುವ ಕಡೆ ನೆಡಬೇಡಿ. ಏಪ್ರಿಲ್ ಹೊತ್ತಿಗೆ ಎಲೆ ಸುಟ್ಟು ಬಿಳಿಚುತ್ತದೆ, ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ತೀರಾ ಕತ್ತಲೆಯ ಮೂಲೆಗೆ ಬಿಳಿ ಪಟ್ಟೆಯ ಜಾತಿಗಳೂ ಬೇಡ, ಪಟ್ಟೆ ಮಾಸಿಹೋಗುತ್ತದೆ.

ದಿನಾ ಬೆಳಗ್ಗೆ ಪೈಪು ಹಿಡಿಯುವ ಅಭ್ಯಾಸ ಬಿಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ತೇವ ತಾಗಿದರೆ ಜರೀಗಿಡ ಬಿಟ್ಟು ಬೇರೆ ಯಾವುದಕ್ಕೂ ನೀರು ಬೇಡ. ಸ್ನೇಕ್ ಪ್ಲಾಂಟ್ ಕುಂಡವನ್ನು ಮಳೆಗಾಲ ಪೂರ್ತಿ ಸೂರಿನಡಿಗೆ ಸರಿಸಿ. ನೆಲದೊಳಗಿನ ಗೆಡ್ಡೆ ಕೊಳೆತರೆ ಎಲೆಯ ಬುಡ ಮೆತ್ತಗಾಗಿ ನಾರುತ್ತದೆ, ಮೆಲ್ಲಗೆ ಎಳೆದರೂ ಕೈಗೆ ಬಂದುಬಿಡುತ್ತದೆ. ಆಗ ಬಾಡಿದೆ ಎಂದುಕೊಂಡು ಇನ್ನಷ್ಟು ನೀರು ಸುರಿಯಬೇಡಿ. ಕೊಳೆತ ಭಾಗ ಕತ್ತರಿಸಿ ಎಸೆಯಿರಿ, ಗಟ್ಟಿ ತುಂಡನ್ನು ಒಂದೆರಡು ದಿನ ನೆರಳಲ್ಲಿ ಆರಿಸಿ, ಮರಳು ಬೆರೆತ ಮಣ್ಣಿಗೆ ಹಾಕಿ. ಹಳದಿ ಅಂಚಿನ ಸ್ನೇಕ್ ಪ್ಲಾಂಟನ್ನು ಎಲೆ ತುಂಡರಿಸಿ ಬೆಳೆಸಬೇಡಿ. ಹುಟ್ಟುವ ಮರಿಗೆ ಆ ಅಂಚು ಇರುವುದಿಲ್ಲ. ಅಂಚು ಬೇಕಿದ್ದರೆ ಗೆಡ್ಡೆಯನ್ನೇ ಪಾಲು ಮಾಡಿ ನೆಡಿ.

ಸ್ಪೈಡರ್ ಪ್ಲಾಂಟಿನ ಎಲೆಯ ತುದಿ ಕಂದಾದರೆ ಬೋರ್‌ವೆಲ್ ನೀರಿನ ಲವಣಾಂಶದ ಮೇಲೂ ಅನುಮಾನವಿರಲಿ. ಮಳೆನೀರು ಹಿಡಿದಿಟ್ಟು ಹಾಕಿ.

ಕುಂಡದಡಿಯ ತಟ್ಟೆಯಲ್ಲಿ ನೀರು ನಿಲ್ಲಿಸಲೇಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟೇ ನೀರು ಸಾಕು. ವಾರಕ್ಕೊಮ್ಮೆಯಾದರೂ ಚೆಲ್ಲಿ, ತಟ್ಟೆಯ ಒಳಬದಿಯನ್ನು ತಿಕ್ಕಿ ತೊಳೆಯಿರಿ. ಮೊಟ್ಟೆ ಅಂಟಿಕೊಳ್ಳುವುದು ಅಲ್ಲೇ.

ಹಾಲು ಸಕ್ಕರೆ ಬೆರೆತ ಟೀ ಪುಡಿಯನ್ನು ಬುಡಕ್ಕೆ ಸುರಿಯಬೇಡಿ, ಇರುವೆ ಬರುತ್ತದೆ. ಇರುವೆಯ ಆರೈಕೆಯಲ್ಲಿ ಹಿಟ್ಟುತಿಗಣೆಯೂ ಹೆಚ್ಚುತ್ತದೆ. ಎಲೆ ಮಿರಿಮಿರಿ ಮಿಂಚಲೆಂದು ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಅದೂ ಬೇಡ. ಎಣ್ಣೆಗೆ ರಸ್ತೆಯ ಧೂಳೆಲ್ಲ ಮೆತ್ತಿಕೊಂಡು ಎಲೆಯ ಉಸಿರುಗಂಡಿ ಮುಚ್ಚುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮಳೆ ಶುರುವಾದ ಮೇಲೆ ಆಫ್ರಿಕನ್ ಬಸವನಹುಳು ರಾತ್ರೋರಾತ್ರಿ ಎಲೆ ಬೋಳಿಸುತ್ತದೆ. ಪಾತಿಗೆ ಉಪ್ಪು ಎರಚಬೇಡಿ, ಮಣ್ಣೇ ಕೆಡುತ್ತದೆ. ಸಂಜೆ ಒದ್ದೆ ಗೋಣಿಚೀಲ ಹಾಸಿಡಿ, ಬೆಳಗ್ಗೆ ಅದರಡಿ ಸೇರಿದ ಹುಳುಗಳನ್ನು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬಾರದು.

ಮನಿ ಪ್ಲಾಂಟನ್ನು ಮಾವಿನ ಮರಕ್ಕೆ ಹಬ್ಬಿಸಬೇಡಿ. ಕುಂಡದಲ್ಲಿ ಅಂಗೈಯಗಲದ ಎಲೆ ಬಿಡುವ ಬಳ್ಳಿ ಮರ ಹತ್ತಿದರೆ ಮೊರದಗಲ ಎಲೆ ಬಿಟ್ಟು ಕೊಂಬೆಗಳನ್ನೇ ಮುಚ್ಚುತ್ತದೆ.

ಕೊನೆಯದು ಡೈಫೆನ್‌ಬಾಕಿಯಾ. ಅರೆನೆರಳಿಗೆ ಹೇಳಿ ಮಾಡಿಸಿದ ಗಿಡ, ನೋಡಲೂ ಚೆಂದ. ಆದರೆ ಪತ್ರೊಡೆಯ ಕೆಸುವಿನ ಎಲೆ ಗಂಟಲು ಕೆರೆಸುವುದು ಯಾವುದರಿಂದಲೋ ಅದೇ ಆಕ್ಸಲೇಟ್ ಹರಳುಗಳು ಇದರಲ್ಲೂ ಇವೆ. ಜಗಿದರೆ ಬಾಯಿ ಉರಿದು ನಾಲಿಗೆ ಊದಿಕೊಳ್ಳುತ್ತದೆ. ಕತ್ತರಿಸುವಾಗ ಗ್ಲೌಸ್ ಹಾಕಿಕೊಳ್ಳಿ. ಮಗು ಬಾಯಿಗಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ, ಬಾಯಿ ತೊಳೆಸಿ ಡಾಕ್ಟರ ಬಳಿಗೆ ಕರೆದೊಯ್ಯಿರಿ. ಅಂಬೆಗಾಲಿಡುವ ಮಗುವಾಗಲಿ, ಎಲೆ ಕಚ್ಚುವ ನಾಯಿಮರಿಯಾಗಲಿ ಇರುವ ಮನೆಗೆ ಈ ಗಿಡ ತರಲೇಬೇಡಿ. ಈಗಾಗಲೇ ಇದ್ದರೆ ಇವತ್ತೇ ಕೈಗೆಟುಕದ ಕಡೆ ಇಡಿ.